ಗೆರೆಯ ಮೇಲಿನ ಹಾಲು

ಡೇರಿಯ ಮಾಲಕರು ನನ್ನನ್ನು ಕರೆಸಿದ್ದು ಕಂಪ್ಯೂಟರಿನ ವೈರಸ್ ತೆಗೆಯಲಿಕ್ಕೆ. ಎರಡು ತಿಂಗಳಲ್ಲಿ ಅದು ಮೂರನೆಯ ಸಲ. ಪ್ರತಿ ಸಲವೂ ನಾನು ಗಂಭೀರ ಮುಖ ಮಾಡಿಕೊಂಡು, ವಿಂಡೋಸನ್ನು ಅಳಿಸಿ, ಮತ್ತೆ ವಿಂಡೋಸನ್ನೇ ಹಾಕಿ, ಚಹಾ ಕುಡಿದು ಬರುತ್ತಿದ್ದೆ. ಮೂರನೆಯ ಸಲ ನನಗೇ ನಾಚಿಕೆಯಾಗಿ, "ಇದನ್ನ ತಗದು ಲಿನಕ್ಸ್ ಹಾಕಿಬಿಡೋಣ್ರಿ" ಎಂದೆ. ನಾಚಿಕೆ ಎಂಬ ಶಬ್ದವನ್ನು ಇಷ್ಟು ಅಗ್ಗವಾಗಿ ಬಳಸುವ ಅವಕಾಶ ಮುಂದೆ ನನಗೆ ಸಿಗಲಿಲ್ಲ.

"ಅದು ಫುಕಟ್ ಸಿಗತೈತಿ ಅಂತಾರಲ್ರಿ," ಎಂದರು ಮಾಲಕರು. "ಫುಕಟ್ ಮಾಲು ಛಲೋ ಇರತೈತೇನು?"

"ಗಾಳಿ ಫುಕಟ್ ಐತ್ರಿ, ನೀರು ಫುಕಟ್ ಐತ್ರಿ," ಎಂದು ನಾನು ಉಪದೇಶ ಕೊಟ್ಟೆ.

"ನೀರಿನ ಮಾತು ನನ್ನ ಮುಂದ ಆಡಬ್ಯಾಡ್ರಿ. ಬ್ಯಾರೆ ಏನರ ಹೇಳ್ರಿ."

ಹಾಲಿನ ವ್ಯಾಪಾರದಲ್ಲಿದ್ದವರ ಎದುರು ನೀರನ್ನು ಹೊಗಳಬಾರದು ಎಂಬ ಮೊದಲ ಪಾಠ ನನಗೆ ಅಲ್ಲಿಯೇ ಆಯಿತು. ಇದು ಎರಡು ಸಾವಿರದ ನಾಲ್ಕನೆಯ ಇಸವಿಯ ಮಾತು. ಡೇರಿ ಇದ್ದದ್ದು ಹುಬ್ಬಳ್ಳಿಯ ಅಂಚಿನಲ್ಲಿ, ದೊಡ್ಡದೇನಲ್ಲ. ಬೆಳಿಗ್ಗೆ ಸುತ್ತಲಿನವರು ಕ್ಯಾನು ತಂದು ಅಂಗಳದಲ್ಲಿ ಸಾಲು ನಿಲ್ಲುತ್ತಿದ್ದರು. ಕಟ್ಟೆಯ ಮೇಲೆ ಒಂದು ಯಂತ್ರ. ಅದರ ಬಟ್ಟಲಿಗೆ ಸ್ವಲ್ಪ ಹಾಲು ಹಾಕಿದರೆ ಎರಡು ಅಂಕಿ ಕೊಡುತ್ತಿತ್ತು: ಒಂದು ಫ್ಯಾಟು, ಇನ್ನೊಂದು ಹಾಲು ಎಷ್ಟು ಗಟ್ಟಿ ಎಂದು ತೋರಿಸುವ ಡಿಗ್ರಿ. ಆ ಎರಡು ಅಂಕಿ ತಂತಿಯ ಮೂಲಕ ಕಂಪ್ಯೂಟರಿಗೆ ಬಂದು, ಅಲ್ಲಿ ನಾನು ಬರೆದ ಪ್ರೋಗ್ರಾಂ ಅವುಗಳಿಂದ ಮೂರನೆಯದೊಂದು ಅಂಕಿ ಹುಟ್ಟಿಸುತ್ತಿತ್ತು. ಫ್ಯಾಟನ್ನು ಬಿಟ್ಟು ಹಾಲಿನಲ್ಲಿ ಉಳಿದ ಸತ್ವ ಎಷ್ಟು ಎಂಬುದು ಆ ಅಂಕಿ. ಎಲ್ಲರೂ ಅದನ್ನು ಎಸ್ಸೆನ್ನೆಫ್ ಎನ್ನುತ್ತಿದ್ದರು. ಎಮ್ಮೆಯ ಹಾಲಾದರೆ ಅದು ಒಂಬತ್ತು ಇರಬೇಕು. ಒಂಬತ್ತಕ್ಕೆ ಪಾಸ್. ಎಂಟು ಪಾಯಿಂಟ್ ಒಂಬತ್ತಕ್ಕೆ ಚೀಟಿಯ ಮೇಲೆ 'ನೀರು' ಎಂದು ಅಚ್ಚಾಗುತ್ತಿತ್ತು.

ಪ್ರೋಗ್ರಾಮಿನಲ್ಲಿ ಎರಡು ಅಂತಸ್ತು. ಮೇಲಿನದು ಪೈಥಾನ್ ಭಾಷೆಯಲ್ಲಿ. ಹೆಸರು ತೋರಿಸುವುದು, ಚೀಟಿ ಅಚ್ಚು ಹಾಕುವುದು ಅದರ ಕೆಲಸ. ಕೆಳಗಿನದು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಎಕ್ಸ್‌ಟೆನ್ಶನ್. ತಂತಿಯಿಂದ ಅಂಕಿ ಓದುವುದು, ಲೆಕ್ಕ ಮಾಡುವುದು ಅದರ ಪಾಲು. ಪೈಥಾನನ್ನು ಯಾವ ಕಂಪ್ಯೂಟರಿಗೂ ಹಾಗೇ ಎತ್ತಿಕೊಂಡು ಹೋಗಬಹುದು. ಎಕ್ಸ್‌ಟೆನ್ಶನ್ ಹಾಗಲ್ಲ. ಅದನ್ನು ಆಯಾ ಕಂಪ್ಯೂಟರಿನ ಕಂಪೈಲರ್, ಅಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ, ಆಯಾ ಕಂಪ್ಯೂಟರಿಗೆ ತಕ್ಕಂತೆ ಹೊಸದಾಗಿ ಕಟ್ಟಿಕೊಡಬೇಕು. ಎರಡು ಭಾಗಾಕಾರ, ಎರಡು ಕೂಡಿಸುವಿಕೆಯ ಲೆಕ್ಕವನ್ನು ಪೈಥಾನಿನಲ್ಲೇ ಮಾಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. 'ವೇಗಕ್ಕಾಗಿ' ಎಂದು ನಾನು ಕಡತದ ತಲೆಯಲ್ಲಿ ಬರೆದಿದ್ದೆ. ಸಾಲಿನಲ್ಲಿ ನಿಮಿಷಕ್ಕೆ ಒಬ್ಬರು ಮುಂದೆ ಬರುತ್ತಿದ್ದರು.

ವಿಂಡೋಸಿನ ಕಂಪೈಲರ್ ಒಂದು ವರ್ಷದಿಂದ ತುಟಿ ಎರಡು ಮಾಡದೆ ಒಪ್ಪಿಕೊಂಡಿದ್ದ ಆ ಕಡತವನ್ನು ಲಿನಕ್ಸಿನ ಜಿಸಿಸಿ ಕಂಪೈಲರಿನ ಮುಂದೆ ಇಟ್ಟೆ. ಅದು ಸಂಪ್ರದಾಯಸ್ಥ ಮನೆತನದ ಹಿರಿಯನಂತೆ ನನ್ನ ನಡವಳಿಕೆಯನ್ನೆಲ್ಲ ಒಂದೊಂದಾಗಿ ಎತ್ತಿ ಆಡಿತು. ಲೂಪಿನೊಳಗೆ ಹುಟ್ಟಿದ ಹೆಸರನ್ನು ಲೂಪು ಮುಗಿದ ಮೇಲೂ ಬಳಸಿದ್ದೆ. ವಿಂಡೋಸಿನ ಕಂಪೈಲರ್ ಕಣ್ಣು ಮುಚ್ಚಿಕೊಂಡಿತ್ತು, ಇದು ಮುಚ್ಚಲಿಲ್ಲ. ಹೆಡರ್ ಕಡತದ ಹೆಸರಿನಲ್ಲಿ ದೊಡ್ಡಕ್ಷರ ಬರೆದಿದ್ದೆ. ಲಿನಕ್ಸಿಗೆ ದೊಡ್ಡಕ್ಷರದ ಹೆಸರಿನವನೇ ಬೇರೆ, ಸಣ್ಣಕ್ಷರದವನೇ ಬೇರೆ. ಸೀರಿಯಲ್ ಪೋರ್ಟಿನ ತಂತಿಯನ್ನು ಓದುವ ಭಾಗವನ್ನು ಪೂರ್ತಿ ಮತ್ತೆ ಬರೆದೆ. ಎಲ್ಲ ಮುಗಿದು ಎಕ್ಸ್‌ಟೆನ್ಶನ್ ಕಟ್ಟಿಕೊಂಡು ನಿಂತ ಮೇಲೆ ಪೈಥಾನ್, ಅದರ ಬಾಗಿಲೇ ಕಾಣಿಸುತ್ತಿಲ್ಲ ಎಂದು ಮರಳಿ ಕಳಿಸಿತು. ಪ್ರವೇಶದ ಫಂಕ್ಷನ್ನಿನ ಹೆಸರನ್ನು ಹೊಸ ಕಂಪೈಲರ್ ತನ್ನ ರೀತಿಯಲ್ಲಿ ತಿರುಚಿ ಇಟ್ಟಿತ್ತು. ಹೀಗೆ ಮೂರು ದಿನ. ಒಂದೊಂದು ತಪ್ಪು ತಿದ್ದಿದಾಗಲೂ ಶತ್ರುವಿನ ಕೋಟೆಯ ಒಂದೊಂದು ಬುರುಜು ಬಿದ್ದಷ್ಟು ಹೆಮ್ಮೆ. ಕೂಗಿ ಹೇಳುವ ತಪ್ಪುಗಳೆಲ್ಲ ಸಜ್ಜನರು ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ನಾಲ್ಕನೆಯ ದಿನ ಹಳೆಯ ಕಂಪ್ಯೂಟರನ್ನೂ ಲಿನಕ್ಸಿಗೆಂದು ಮಾಲಕರು ಕೊಂಡ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು, ಇಪ್ಪತ್ತು ಜನರ ಹಾಲಿನ ಅಂಕಿಗಳನ್ನು ಎರಡರಲ್ಲೂ ಹಾಕಿ ನೋಡಿದೆ. ಇಪ್ಪತ್ತೂ ತಾಳೆಯಾದವು. ಆ ಇಪ್ಪತ್ತರಲ್ಲಿ ಒಂದೂ ಸರಿಯಾಗಿ ಒಂಬತ್ತರ ಗೆರೆಯ ಮೇಲೆ ನಿಂತಿರಲಿಲ್ಲ ಎಂಬುದನ್ನು ಗಮನಿಸುವಷ್ಟು ಪುರುಸೊತ್ತು ವಿಜಯಿಯಾದವನಿಗೆ ಎಲ್ಲಿಂದ?

ಮೂರು ವಾರ ಕಳೆದಿರಬೇಕು. ಮಾಲಕರಿಂದ ಫೋನು.

"ಸ್ವಲ್ಪ ಬಂದು ಹೋಗ್ರಿ. ಬೆಂಗೇರಿ ಅಕ್ಕಾರು ಜಗಳಕ್ಕ ನಿಂತಾರ."

ಬೆಂಗೇರಿ ಅಕ್ಕ ಎಂದರೆ ಹತ್ತಿರದ ಬೆಂಗೇರಿಯಿಂದ ಬರುತ್ತಿದ್ದ, ಆ ಅಂಗಳದಲ್ಲಿ ಎಲ್ಲರಿಗೂ ಗೊತ್ತಿದ್ದ ಹೆಣ್ಣುಮಗಳು. ಐವತ್ತರ ಆಚೀಚೆ ವಯಸ್ಸು. ಮನೆಯಲ್ಲಿ ಎರಡು ಎಮ್ಮೆ, ಅದರಲ್ಲಿ ಒಂದು ಆಗ ಬತ್ತಿತ್ತು. ಉಳಿದ ಒಂದರ ಹಾಲನ್ನು ದಿನಾ ತಾವೇ ತರುತ್ತಿದ್ದರು. ಡೇರಿ ಶುರುವಾದಂದಿನಿಂದ ಅವರ ಹಾಲು ಒಮ್ಮೆಯೂ ಮರಳಿ ಹೋಗಿರಲಿಲ್ಲ. ಈಗ ಎಂಟು ದಿನದಲ್ಲಿ ಮೂರು ಸಲ 'ನೀರು' ಎಂದು ಚೀಟಿ ಬಂದಿತ್ತು. ಆ ಡೇರಿಯಲ್ಲಿ ಒಂದು ಪದ್ಧತಿ: ಎಂಟು ದಿನದಲ್ಲಿ ಮೂರು ಸಲ ಯಾರ ಹಾಲು ನಾಪಾಸಾಗುತ್ತದೋ ಅವರ ಹೆಸರನ್ನು ಗೇಟಿನ ಹತ್ತಿರದ ಕರಿ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುವುದು. ದಂಡವಿಲ್ಲ, ಬೈಗುಳವಿಲ್ಲ. ಹೆಸರು, ಅಷ್ಟೇ. ರಸ್ತೆಯಲ್ಲಿ ಹೋಗುವವರೆಲ್ಲ ಓದುತ್ತಿದ್ದರು.

ನಾನು ಹೋದಾಗ ಮಾಲಕರು ಸುಣ್ಣದ ಕಡ್ಡಿ ಹಿಡಿದುಕೊಂಡು ಹಲಗೆಯ ಮುಂದೆ, ಅಕ್ಕ ಹಲಗೆಗೆ ಅಡ್ಡವಾಗಿ ನಿಂತಿದ್ದರು.

"ಬರ್ರಿ ಸಾಹೇಬ್ರ," ಎಂದರು ಅಕ್ಕ ನನ್ನನ್ನು ನೋಡಿ. "ಈ ಡಬ್ಬಿಗೆ ಲೆಕ್ಕಾ ಕಲಿಸಿದವ್ರು ನೀವ ಅಂತಲ್ಲ?"

"ಹೌದ್ರಿ."

"ಅದು ಸುಳ್ಳು ಹೇಳಾಕತ್ತೈತಿ."

"ಡಬ್ಬಿಗೆ ನಿಮ್ಮ ಮ್ಯಾಲೆ ಯಾಕ ಸಿಟ್ಟಿರತೈತ್ರಿ ಅಕ್ಕಾರ?"

"ಅದಕ್ಕ ಸಿಟ್ಟಿಲ್ಲ. ಕಲಿಸಿದವ್ರಿಗೆ ತಲಿ ಇಲ್ಲ."

ಸಾಲಿನಲ್ಲಿ ನಗೆಯೆದ್ದಿತು. ನಾನೂ ನಕ್ಕೆ, ಆದರೆ ಆ ಮಾತನ್ನು ಮರೆಯಲಿಲ್ಲ.

"ನಿನ್ನಿ ಪಾಸ್, ಇವತ್ತ ನಾಪಾಸ್. ನಾಳೆ ಮತ್ತ ಪಾಸ್ ಅಂತೈತಿ," ಎಂದರು ಅಕ್ಕ. "ಅದ ಎಮ್ಮಿ, ಅದ ಹಿಂಡಿ, ಅದ ಮೇವು. ನೀವ ಹೇಳ್ರಿ, ಏನ ತಿಳ್ಕೋಬೇಕು ನಾವು?"

ಆಗ ನಾನು ತರ್ಕಶಾಸ್ತ್ರವನ್ನು ಕೈಗೆತ್ತಿಕೊಂಡೆ. "ಅದ ನೋಡ್ರಿ ಮಾತು. ಯಂತ್ರ ಕೆಟ್ಟಿದ್ರ ದಿನಾ ತಪ್ಪು ಹೇಳಬೇಕಾಗಿತ್ತು. ಒಂದಿನ ಹಿಂಗ, ಒಂದಿನ ಹಂಗ ಆಗೂದು ಯಂತ್ರದ ಗುಣ ಅಲ್ರಿ. ಅದು ಮನಶಾರ ಕೈ ಗುಣ."

ಮಾಲಕರು ಒಮ್ಮೆ ನನ್ನ ಮುಖ ನೋಡಿದರು. "ಖರೇ ಏನ್ರಿ? ಬರೀಲೇನು?" ಎಂದು ಮೆಲ್ಲಗೆ ಕೇಳಿದರು. ಅವರಿಗೆ ಬರೆಯುವ ಮನಸ್ಸಿರಲಿಲ್ಲ. ಬೇಡ ಎನ್ನಲು ನನ್ನಿಂದ ಒಂದು ನೆಪ ಬೇಕಾಗಿತ್ತು, ಅಷ್ಟೇ.

"ಲೆಕ್ಕದಾಗ ತಪ್ಪಿಲ್ರಿ," ಎಂದೆ.

ಅವರು ಬರೆದರು.

ಮರುದಿನ ಬೆಳಿಗ್ಗೆ ಮತ್ತೆ ಫೋನು. ಈ ಸಲ ಮಾಲಕರ ದನಿಯಲ್ಲಿ ಗಾಬರಿ. "ಲಗೂ ಬರ್ರಿ. ಎಮ್ಮಿ ಹೊಡಕೊಂಡು ಬಂದಾರ."

ನಮ್ಮ ಕಡೆ ಹಾಲಿನವರ ಹಳೆಯ ರೂಢಿಯೊಂದಿದೆ. ಹಾಲಿನ ಮೇಲೆ ಸಂಶಯ ಬಂದರೆ ವಾದ ಮಾಡುವುದಿಲ್ಲ. ಎಮ್ಮೆಯನ್ನೇ ಬಾಗಿಲಿಗೆ ತಂದು, ಸಂಶಯ ಪಟ್ಟವರ ಪಾತ್ರೆಯಲ್ಲೇ, ಅವರ ಕಣ್ಣೆದುರಿಗೇ ಹಿಂಡಿಕೊಡುತ್ತಾರೆ. ಅದಾದ ಮೇಲೆ ಮಾತಿಲ್ಲ. ಬೆಂಗೇರಿ ಅಕ್ಕ ನಸುಕಿನಲ್ಲೇ ಎಮ್ಮೆಯನ್ನೂ ಕರುವನ್ನೂ ನಡೆಸಿಕೊಂಡು ಬಂದು ಡೇರಿಯ ಗೇಟಿಗೆ ಕಟ್ಟಿದ್ದರು. ಎಮ್ಮೆಯ ಕೊಂಬಿನ ಹತ್ತಿರವೇ ಕರಿ ಹಲಗೆ, ಅದರ ಮೇಲೆ ಅವರ ಹೆಸರು.

"ಪಾತ್ರೆ ನಿಮ್ಮದ ಕೊಡ್ರಿ," ಎಂದರು ಮಾಲಕರಿಗೆ. "ತೊಳದು, ಒರಿಸಿ, ಎಲ್ಲಾರಿಗೂ ತೋರಿಸಿ ಕೊಡ್ರಿ."

ಮಾಲಕರು ಚರಿಗೆ ತೊಳೆದು, ಬೋರಲು ಹಿಡಿದು ತೋರಿಸಿದರು. ಅಕ್ಕ ಕರುವನ್ನು ಬಿಟ್ಟು, ಎಮ್ಮೆ ತೊರೆ ಬಿಟ್ಟು ಹಾಲಿಳಿಸಿದ ಮೇಲೆ ಕರುವನ್ನು ಎಳೆದು ಕಟ್ಟಿ, ಕುಕ್ಕರಗಾಲಿನಲ್ಲಿ ಕುಳಿತು ಹಿಂಡಿದರು. ಇಡೀ ಸಾಲು ಕ್ಯಾನು ನೆಲಕ್ಕಿಟ್ಟು ಸುತ್ತುವರಿದು ನಿಂತಿತ್ತು. ನೊರೆ ಇಳಿಯುವವರೆಗೆ ಕಾಯ್ದೆವು. ನಾನೇ ನನ್ನ ಕೈಯಿಂದ ಹಾಲನ್ನು ಯಂತ್ರದ ಬಟ್ಟಲಿಗೆ ಹಾಕಿದೆ. ಫ್ಯಾಟು ಆರು ಪಾಯಿಂಟ್ ಎರಡು. ಡಿಗ್ರಿ ಇಪ್ಪತ್ತೆಂಟು ಪಾಯಿಂಟ್ ನಾಲ್ಕು. ಅಚ್ಚಿನ ಯಂತ್ರ ಕಿರ್ರನೆ ಚೀಟಿ ಹೊರಗೆ ತಳ್ಳಿತು.

ಎಂಟು ಪಾಯಿಂಟ್ ಒಂಬತ್ತು. ನೀರು.

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಬುದ್ಧಿಯಿದ್ದ ಯಾವ ಮನುಷ್ಯನೂ ಆಗ, 'ತಡೀರಿ, ಏನೋ ತಪ್ಪಾಗೈತಿ' ಎನ್ನುತ್ತಿದ್ದ. ಇಲ್ಲಿಯವರೆಗೆ ಬರೆದದ್ದನ್ನೆಲ್ಲ ಅಜ್ಞಾನದ ಖಾತೆಗೆ ಹಾಕಬಹುದು. ಮುಂದೆ ಆಡಿದ ಮಾತನ್ನು ಹಾಕಲು ನನ್ನಲ್ಲಿ ಖಾತೆಯಿಲ್ಲ.

"ಅಕ್ಕಾರ," ಎಂದೆ, "ಎಮ್ಮಿಗೇ ನೀರು ಭಾಳ ಕುಡಿಸಿಕೊಂಡು ಬಂದೀರಿ ಕಾಣತೈತಿ."

ಅಂಗಳ ಹೋ ಎಂದು ನಕ್ಕಿತು. ಹಿಂದಿನ ದಿನ ನನ್ನ ತಲೆಯ ಬಗ್ಗೆ ನಕ್ಕದ್ದಕ್ಕಿಂತ ಜೋರಾಗಿಯೇ ನಕ್ಕಿತು. ನನಗೆ ಅದು ಕೇಳಲು ಹಿತವಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಅಕ್ಕ ಚೀಟಿಯನ್ನು ಇಸಿದುಕೊಂಡು ಒಮ್ಮೆ ನೋಡಿ, ಯಂತ್ರದ ಪಕ್ಕಕ್ಕಿಟ್ಟರು. ಹಾಲನ್ನು ತಮ್ಮ ಪಾತ್ರೆಗೆ ಬಗ್ಗಿಸಿಕೊಂಡು, ಎಮ್ಮೆಯನ್ನು ಬಿಚ್ಚಿ ನಡೆದರು.

ಗುಂಪು ಚದುರಿತು. ಕೈಗೆ ಕೆಲಸವಿರಲಿ ಎಂದು ನಾನು ಆ ಚೀಟಿಯನ್ನು ತಿರುಗಿಸಿ, ಬೆನ್ನ ಮೇಲೆ ಪೆನ್ಸಿಲ್ಲಿನಿಂದ ಲೆಕ್ಕ ಹಾಕಿದೆ. ಸೂತ್ರ ಶಾಲೆಯ ಮಕ್ಕಳ ಮಟ್ಟದ್ದು: ಡಿಗ್ರಿಯ ಕಾಲು ಭಾಗ, ಫ್ಯಾಟಿನ ಕಾಲು ಭಾಗ, ಅವುಗಳ ಮೇಲೆ ಸೊನ್ನೆ ಪಾಯಿಂಟ್ ಮೂರು ಐದು. ಇಪ್ಪತ್ತೆಂಟು ಪಾಯಿಂಟ್ ನಾಲ್ಕರ ಕಾಲು ಏಳು ಪಾಯಿಂಟ್ ಒಂದು. ಆರು ಪಾಯಿಂಟ್ ಎರಡರ ಕಾಲು ಒಂದು ಪಾಯಿಂಟ್ ಐದು ಐದು. ಕೂಡಿಸಿದೆ.

ಒಂಬತ್ತು. ಒಂದು ಕೂದಲೆಳೆ ಹೆಚ್ಚಲ್ಲ, ಒಂದು ಕೂದಲೆಳೆ ಕಡಿಮೆಯಲ್ಲ.

ಮತ್ತೊಮ್ಮೆ ಕೂಡಿಸಿದೆ. ಪೆನ್ಸಿಲ್ ಬದಲಿಸಿ ಕೂಡಿಸಿದೆ. ಒಂಬತ್ತೇ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಆ ಕಡತ ತೆರೆದೆ. ಅವೇ ಎರಡು ಅಂಕಿ ಕೊಟ್ಟೆ: ಎಂಟು ಪಾಯಿಂಟ್ ಒಂಬತ್ತು. ಲೆಕ್ಕ ಎಲ್ಲಿ ಜಾರುತ್ತಿದೆ ನೋಡೋಣ ಎಂದು, ನಡುವೆ ಆ ಮೊತ್ತವನ್ನು ಪರದೆಗೆ ತೋರಿಸುವ ಒಂದು ಸಾಲು ಸೇರಿಸಿ ಮತ್ತೆ ಕಟ್ಟಿದೆ. ಒಂಬತ್ತು, ಪಾಸ್! ಸಾಲು ತೆಗೆದೆ: ಎಂಟು ಪಾಯಿಂಟ್ ಒಂಬತ್ತು, ನೀರು. ಹಾಕಿದೆ: ಪಾಸ್. ನೋಡುತ್ತ ಕುಳಿತರೆ ಸತ್ಯ, ಕಣ್ಣು ಬೇರೆ ಕಡೆ ಹೊರಳಿದರೆ ಸುಳ್ಳು. ಇಂಥ ಸಾಕ್ಷಿದಾರರನ್ನು ಕೋರ್ಟಿನಲ್ಲಿ ಕಂಡಿದ್ದೇವೆ, ಕಂಪ್ಯೂಟರಿನಲ್ಲಿ ಕಂಡಿರಲಿಲ್ಲ. ಹಳೆಯ ವಿಂಡೋಸ್ ಕಂಪ್ಯೂಟರನ್ನು ಮಾಲಕರ ಉಗ್ರಾಣದಿಂದ ತರಿಸಿ, ಅದರಲ್ಲಿ ಅವೇ ಅಂಕಿ ಹಾಕಿದೆ. ಪಾಸ್. ಸಾಲು ಇದ್ದರೂ ಪಾಸ್, ಇಲ್ಲದಿದ್ದರೂ ಪಾಸ್.

ಎರಡು ದಿನ ಸೈಬರ್ ಕೆಫೆಯಲ್ಲಿ ಕುಳಿತು, ಪರದೇಶದ ಪ್ರೋಗ್ರಾಮರುಗಳು ಪರಸ್ಪರ ಬೈದುಕೊಂಡ ಹಳೆಯ ಪತ್ರಗಳನ್ನೆಲ್ಲ ಓದಿದ ಮೇಲೆ ವಿಷಯ ತಿಳಿಯಿತು. ಹತ್ತನ್ನು ಮೂರರಿಂದ ಭಾಗಿಸಿದರೆ ನಮಗೆ ಹೇಗೆ ಮುಗಿಯುವುದಿಲ್ಲವೋ ಹಾಗೆ ಕಂಪ್ಯೂಟರಿಗೆ ಇಪ್ಪತ್ತೆಂಟು ಪಾಯಿಂಟ್ ನಾಲ್ಕು ಪೂರ್ತಿ ಹಿಡಿಸುವುದಿಲ್ಲ. ಒಂದು ಕಣದಷ್ಟು ಕಡಿಮೆ ಇಟ್ಟುಕೊಳ್ಳುತ್ತದೆ. ವಿಂಡೋಸಿನ ಕಂಪೈಲರ್ ಕಟ್ಟಿದ ಪ್ರೋಗ್ರಾಂ ಪ್ರತಿ ಹೆಜ್ಜೆಗೂ ಉತ್ತರದ ಬಾಲವನ್ನು ಗಿಡ್ಡಗೊಳಿಸಿ ಹತ್ತಿರದ ಅಂಕಿಗೆ ಸರಿಪಡಿಸುತ್ತ ಹೋಗುವುದರಿಂದ ಆ ಕಣದ ಕೊರತೆ ದಾರಿಯಲ್ಲೇ ಮುಚ್ಚಿಹೋಗಿ ಒಂಬತ್ತಾಗುತ್ತಿತ್ತು. ಜಿಸಿಸಿ ಪ್ರೊಸೆಸರಿನೊಳಗಿನ ಉದ್ದನೆಯ ಜಾಗವನ್ನು ಪೂರ್ತಿ ಬಳಸಿ, ಕೊರತೆಯನ್ನು ನಿಷ್ಠೆಯಿಂದ ಕೊನೆಯವರೆಗೂ ಹೊತ್ತು ತರುತ್ತಿತ್ತು: ಎಂಟು ಪಾಯಿಂಟ್, ಆಮೇಲೆ ಹದಿನೈದು ಒಂಬತ್ತುಗಳು. ಪರದೆಗೆ ತೋರಿಸಲು ಅಂಕಿಯನ್ನು ಪ್ರೊಸೆಸರಿನಿಂದ ಹೊರಗೆ ತಂದಾಗ ಮಾತ್ರ ಬಾಲ ಕತ್ತರಿಸಿ ಒಂಬತ್ತಾಗುತ್ತಿತ್ತು.

ಹಾಗಾದರೆ ಯಾವ ಕಂಪೈಲರಿನದು ತಪ್ಪು? ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಬಹಳ ಆಸೆಯಿಂದ ಹೊರಟಿದ್ದೆ. ಎರಡರದ್ದೂ ಅಲ್ಲ. ಎಂಟು ಪಾಯಿಂಟ್ ಹದಿನೈದು ಒಂಬತ್ತುಗಳನ್ನು ಯಾವ ಅಂಗಡಿಯವನೂ ಒಂಬತ್ತೆಂದೇ ಹಿಡಿಯುತ್ತಾನೆ. ನಾನು ಅದನ್ನು ಹತ್ತರಿಂದ ಗುಣಿಸಿ, ಪಾಯಿಂಟಿನ ನಂತರದ್ದನ್ನು ಕಣ್ಣು ಮುಚ್ಚಿ ಕತ್ತರಿಸಿ ಬಿಸಾಡು ಎಂದು ಬರೆದಿದ್ದೆ. ಎಂಬತ್ತೊಂಬತ್ತು ಪಾಯಿಂಟ್ ಇಷ್ಟೊಂದು ಒಂಬತ್ತುಗಳಲ್ಲಿ ಉಳಿದದ್ದು ಎಂಬತ್ತೊಂಬತ್ತು, ಅಂದರೆ ಚೀಟಿಯ ಮೇಲೆ ಎಂಟು ಪಾಯಿಂಟ್ ಒಂಬತ್ತು. ಆ ಸಾಲನ್ನು ಬರೆಯಲು ನನಗೆ ಹಿಡಿದದ್ದು ಹತ್ತು ಸೆಕೆಂಡು. ಒಂದು ವರ್ಷ ಒಂದು ಕಂಪೈಲರ್ ನನ್ನ ಸೋಮಾರಿತನದ ಮೇಲೆ ಸೆರಗು ಹೊದಿಸಿತ್ತು, ಇನ್ನೊಂದು ಎಳೆದು ಹಾಕಿತು, ಅಷ್ಟೇ. ಅಕ್ಕನ ಎಮ್ಮೆಯ ಹಾಲಿನ ಗುಣವೇ ಹಾಗೆ, ಯಾವಾಗಲೂ ಗೆರೆಯ ಮೇಲೆಯೇ. ಕೆಲವು ಜೋಡಿ ಅಂಕಿಗಳಿಗೆ ಕೊರತೆ ಬೀಳುತ್ತಿತ್ತು, ಕೆಲವಕ್ಕೆ ಇಲ್ಲ. ಒಂದು ದಿನ ಹೀಗೆ, ಒಂದು ದಿನ ಹಾಗೆ.

ದಶಾಂಶವನ್ನೇ ಬಿಟ್ಟು ಎಲ್ಲ ಲೆಕ್ಕವನ್ನೂ ಪೂರ್ಣ ಅಂಕಿಗಳಲ್ಲಿ ಬರೆದೆ. ಈಗ ಎರಡು ಕಂಪೈಲರುಗಳೂ ಒಂದೇ ಮಾತು ಹೇಳಿದವು. ಮಾಲಕರಿಗೆ ವಿಷಯ ತಿಳಿಸಿದೆ. ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಟ್ಟೆ. ಆ ಪುಟದಲ್ಲಿ 'ಕಂಪೈಲರ್' ಎಂಬ ಶಬ್ದ ಒಂಬತ್ತು ಸಲ ಬಂದಿತ್ತು, 'ನಾನು' ಎಂಬುದು ಒಮ್ಮೆಯೂ ಬಂದಿರಲಿಲ್ಲ.

ಮಾಲಕರು ಅದನ್ನು ಮಡಚಿ ಕಿಸೆಗಿಟ್ಟುಕೊಂಡರು. "ಈಗ ಸರಿ ಆತಲ್ಲ? ಹಲಗಿ ಒರಿಸಿಬಿಡ್ತೇನಿ. ಮಂದಿ ಮುಂದ ಎತ್ತೂದು ಬ್ಯಾಡ್ರಿ. ಒಂದ್ಸಲ ಯಂತ್ರದ ಮ್ಯಾಲೆ ನಂಬಿಗಿ ಹೋದ್ರ ನಾಳೆ ಖರೇ ನೀರು ಹಾಕಿದವರೂ ಎಮ್ಮಿ ಹೊಡಕೊಂಡು ಬರ್ತಾರ."

ಮಾತಿನಲ್ಲಿ ಅರ್ಥವಿತ್ತು. ನನಗೆ ಬೇಕಾದದ್ದೂ ಅದೇ ಅರ್ಥವಾಗಿತ್ತು. ಹಲಗೆ ಒರೆಸಿದರು. ನಾನು ತೆಪ್ಪಗಿದ್ದೆ. ಎಂಟು ದಿನ.

ಒಂಬತ್ತನೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ಮಜ್ಜಿಗೆ ಬಡಿಸುತ್ತ ಹೆಂಡತಿ ಹೇಳಿದಳು: "ಇವತ್ತ ನಮ್ಮ ಓಣಿಗೆ ಒಬ್ಬಾಕಿ ದಿನಾ ಮನಿಗೆ ಹಾಲು ವರ್ತನಿ ಹಾಕ್ತೇನಿ ಅಂತ ಬಂದಿದ್ಲು. ಬೆಂಗೇರಿಯಾಕಿ. ಹಾಲು ನೋಡಾಕ ಛಲೋ ಇತ್ತು."

"ತಗೊಂಡೇನು?"

"ಎಲ್ಲೀದು? ಬಾಜೂ ಮನಿಯಾಕಿ ಕಣ್ಣ ಸನ್ನಿ ಮಾಡಿದ್ಲು. ಡೇರಿ ಹಲಗಿ ಮ್ಯಾಲೆ ಹೆಸರು ಬಂದಾಕಿ ಅಂತ. ಎಮ್ಮಿಗೇ ನೀರು ಕುಡಿಸ್ಕೊಂಡು ಹೋಗಿದ್ಲಂತ, ಊರೆಲ್ಲಾ ನಗಾಕತ್ತೈತಿ. ನಾನೂ ಬ್ಯಾಡ ಅಂದೆ."

ಎತ್ತಿದ ತುತ್ತನ್ನು ಮರಳಿ ತಾಟಿಗಿಟ್ಟೆ. ನನ್ನ ಹಾಸ್ಯ ನನಗಿಂತ ಮೊದಲೇ ಓಣಿಓಣಿ ತಿರುಗಿ, ಅಕ್ಕ ಕಾಲಿಡುವ ಮನೆಯ ಬಾಗಿಲನ್ನೆಲ್ಲ ಮುಚ್ಚುತ್ತ, ಕೊನೆಗೆ ನನ್ನ ಮನೆಯ ಬಾಗಿಲನ್ನೂ ಮುಚ್ಚಿತ್ತು. ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಬಹುದಿತ್ತು. ಇದನ್ನು ಹೇಗೆ ಒರೆಸುವುದು?

"ಆಕಿ ನೀರು ಹಾಕಿರಲಿಲ್ಲ," ಎಂದೆ.

"ನಿಮಗ ಹೆಂಗ ಗೊತ್ತು?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಮಜ್ಜಿಗೆಯ ಸೌಟು ಹಿಡಿದುಕೊಂಡೇ ಕೇಳಿ, "ಹಂಗಾರ ಇಲ್ಲಿ ಕುಂತು ಏನ ಉಣ್ಣಾಕತ್ತೀರಿ?" ಎಂದಳು.

ಕೈ ತೊಳೆದು ಬೆಂಗೇರಿಗೆ ಹೋದೆ. ಅಕ್ಕ ಮನೆಯ ಮುಂದೆ ಮೇವು ಕತ್ತರಿಸುತ್ತ ಕುಳಿತಿದ್ದರು. ನನ್ನನ್ನು ನೋಡಿ ಏಳಲಿಲ್ಲ. ಕುಳಿತುಕೊಳ್ಳಿ ಎನ್ನಲೂ ಇಲ್ಲ. ನಿಂತುಕೊಂಡೇ ಹೇಳಿದೆ. ಕಂಪೈಲರ್ ಗಿಂಪೈಲರ್ ಏನೂ ಹೇಳಲಿಲ್ಲ. ನಿಮ್ಮ ಹಾಲು ಸರಿ ಇತ್ತು, ನನ್ನ ಲೆಕ್ಕ ತಪ್ಪಿತ್ತು ಎಂದೆ.

ಅವರು ಕುಡುಗೋಲು ಕೆಳಗಿಟ್ಟರು. "ಎಷ್ಟು ಕಮ್ಮಿ ಹಿಡದಿತ್ತು ನಿಮ್ಮ ಡಬ್ಬಿ?"

"ಇದ್ದೂ ಇಲ್ಲದಷ್ಟರಿ. ಈ ಓಣಿಯಷ್ಟು ದೊಡ್ಡ ಬಾವಿ ತುಂಬ ಹಾಲಿದ್ರ, ಅದರಾಗ ಸಾಸಿವಿ ಕಾಳಿಗಿಂತ ಕಮ್ಮಿ."

"ಅಷ್ಟು ಸಣ್ಣ ನೀರು ದೇವರ ಕೈಲೂ ಹಾಕಾಕ ಆಗಂಗಿಲ್ಲಲ್ರಿ," ಎಂದರು ಅಕ್ಕ. ಮತ್ತೆ ಕುಡುಗೋಲು ಕೈಗೆತ್ತಿಕೊಂಡು, "ಇದನ್ನ ನನಗ್ಯಾಕ ಹೇಳಾಕ ಬಂದೀರಿ?" ಎಂದು ಕೇಳಿದರು.

"ತಪ್ಪಾತು ಅಂತ ಹೇಳಬೇಕಲ್ರಿ."

"ನಾ ನೀರು ಹಾಕಿಲ್ಲಂತ ನನಗ ಮೊದಲ ಗೊತ್ತಿತ್ತಲ್ಲ? ಯಾರಿಗೆ ಗೊತ್ತಿಲ್ಲೋ ಅವರಿಗೆ ಹೇಳ್ರಿ. ಯಾರ್‍ಯಾರನ್ನ ನಗಿಸಿದ್ರಿ, ಅವರ ಮುಂದ ಹೇಳ್ರಿ. ನಾ ಬಂದು ನಿಂದ್ರತೇನಿ."

ಅಲ್ಲಿಂದ ನೇರ ಡೇರಿಗೆ ಹೋಗಿ ಮಾಲಕರಿಗೆ, ನಾಳೆ ಬೆಳಿಗ್ಗೆ ಸಾಲಿನ ಮುಂದೆ ಹೇಳುತ್ತೇನೆ ಎಂದೆ. ಅವರು ಬೇಡವೆಂದರು, ಹೇಳಿಯೇ ತೀರುತ್ತೇನೆ ಎಂದೆ. "ಹೇಳ್ರಿ ಹಂಗಾರ. ಆಮ್ಯಾಲೆ ಈ ಅಂಗಳಕ್ಕ ಬರಬ್ಯಾಡ್ರಿ," ಎಂದರು. ಸರಿ ಎಂದೆ. ಹೇಳುವುದಾದರೆ ಪೂರ್ತಿ ಹೇಳಬೇಕೆಂದು, ಲಿನಕ್ಸ್ ಹಾಕಿದ ದಿನದಿಂದ ಕಂಪ್ಯೂಟರಿನಲ್ಲಿ ಉಳಿದಿದ್ದ ಅಂಕಿಗಳನ್ನೆಲ್ಲ ಹೊಸ ಲೆಕ್ಕದ ಎದುರು ಹಿಡಿದೆ. ಅಕ್ಕನ ಒಬ್ಬರದೇ ಇರಬಹುದು ಎಂದುಕೊಂಡಿದ್ದೆ. ಇನ್ನೂ ಏಳು ಜನರ ಹೆಸರು ಬಂದವು. ಒಂದು ಸಲವೋ ಎರಡು ಸಲವೋ 'ನೀರು' ಎಂದು ಚೀಟಿ ಪಡೆದವರು, ಹಲಗೆಯವರೆಗೆ ಹೋಗಿರಲಿಲ್ಲ. ಅವರಲ್ಲಿ ಒಬ್ಬರೂ ಜಗಳಕ್ಕೆ ಬಂದಿರಲಿಲ್ಲ. ಯಂತ್ರ ಹೇಳಿದೆ, ಇದ್ದರೂ ಇರಬಹುದು ಎಂದು ಚೀಟಿ ಮಡಚಿಕೊಂಡು ಹೋಗಿದ್ದರು.

ಮರುದಿನ ಬೆಳಿಗ್ಗೆ ಸಾಲು ನಿಂತಾಗ ಕಟ್ಟೆಯ ಮೇಲೆ ಹತ್ತಿದೆ. ಅಕ್ಕ ಬಂದಿದ್ದರು, ಕೈಯಲ್ಲಿ ಕ್ಯಾನು ಇರಲಿಲ್ಲ. ಹಿಂದಿನ ದಿನ ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದ ಮಾತುಗಳೆಲ್ಲ ಎತ್ತಲೋ ಹೋದವು. "ಅಕ್ಕಾರ ಹಾಲಿನಾಗ ನೀರಿರಲಿಲ್ಲ. ಲೆಕ್ಕಾ ಬರದಾಂವ ನಾನು, ತಪ್ಪು ನಂದು. ಆ ದಿನ ಆಡಿದ ಮಾತೂ ತಪ್ಪು," ಎಂದೆ. ಆಮೇಲೆ ಏಳು ಹೆಸರು ಓದಿದೆ.

"ಹಂಗಾರ ಯಂತ್ರ ಸುಳ್ಳು ಹೇಳತೈತೇನ್ರಿ?" ಎಂದು ಸಾಲಿನಿಂದ ಒಬ್ಬರು ಕೂಗಿದರು.

"ಯಂತ್ರ ಅಲ್ರಿ. ನಾನು."

"ಅಕ್ಕಾರು ಮನಿಗೆ ಕರದು ಕಿವಿ ಊದಿರಬೇಕು," ಎಂದು ಹಿಂದಿನಿಂದ ಇನ್ನೊಂದು ದನಿ. ಕೆಲವರು ನಕ್ಕರು. ಎಂಟು ದಿನ ತಡವಾಗಿ ಬಂದ ಸತ್ಯಕ್ಕೆ ಅಷ್ಟು ಮರ್ಯಾದೆ ಸಾಕು ಎಂದು ಊರು ತೀರ್ಮಾನಿಸಿದಂತಿತ್ತು. ಅಕ್ಕ ಆ ನಗೆ ಬಂದ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿ, "ಕೇಳಿಸ್ತು" ಎಂದಷ್ಟೇ ಹೇಳಿ ಹೋದರು. ಆ ಡೇರಿಗೆ ಅವರು ಮತ್ತೆ ಹಾಲು ಹಾಕಲಿಲ್ಲ.

ನಾನು ಕಟ್ಟೆ ಇಳಿದು ಗೇಟಿನ ಹತ್ತಿರ ಬಂದಾಗ, ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡಿದ್ದ ಒಬ್ಬ ಹಿರಿಯರು ಸಾಲು ಬಿಟ್ಟು ನನ್ನ ಹಿಂದೆಯೇ ಬಂದರು. ಹಳೇ ಹುಬ್ಬಳ್ಳಿಯವರು. ಓದಿದ ಏಳು ಹೆಸರುಗಳಲ್ಲಿ ಅವರದು ನಾಲ್ಕನೆಯದು.

"ನನ್ನ ಹೆಸರೂ ಅಂದ್ರೇನ್ರಿ ನೀವು?"

"ಹೌದ್ರಿ. ಎರಡ ದಿನ ನಿಮ್ಮ ಚೀಟಿ ತಪ್ಪು ಬಂದಿತ್ತು."

"ಅಂದ್ರ ಆ ಎರಡೂ ದಿನ ನೀರು ಇರಲಿಲ್ಲ?"

"ಇರಲಿಲ್ರಿ."

ಅವರು ಸೈಕಲ್ಲಿನ ಹಿಡಿಕೆಯನ್ನು ಒರೆಸುತ್ತ ನಿಂತರು. "ಹಾಲು ಹಿಂಡಾಕಿ ನನ್ನ ಹೆಂಡತಿರಿ. ಮೊದಲನೇ ದಿನ ಕೇಳಿದೆ, ಇಲ್ಲ ಅಂದ್ಲು. ಎರಡನೇ ದಿನ ಮತ್ತ ಕೇಳಿದೆ. ಮೂವತ್ತು ವರ್ಷ ಆತ್ರಿ ಮದಿವ್ಯಾಗಿ. ಎರಡನೇ ಸಲ ಕೇಳಬಾರದಿತ್ತು. ಅವತ್ತಿನಿಂದ ಆಕಿ ಮಾತಾಡವಲ್ಲಳು."

"ನಾ ಬಂದು ಹೇಳಲೇನ್ರಿ ಮನಿಗೆ?" ಎಂದೆ.

"ಬ್ಯಾಡ. ನೀವು ಬಂದ್ರ ನಾನ ಕರಕೊಂಡು ಬಂದೇನಿ ಅಂತಾಳ. ಒಂದು ಹಾಳಿ ಮ್ಯಾಲೆ ಬರದು ಕೊಡ್ರಿ."

ಕಿಸೆಯಿಂದ ಕಾಗದ ತೆಗೆದು, ಅವರ ಸೈಕಲ್ಲಿನ ಸೀಟಿನ ಮೇಲೆ ಇಟ್ಟುಕೊಂಡು ಕನ್ನಡದಲ್ಲಿ ಬರೆದೆ: ನಿಮ್ಮ ಹಾಲು ಎರಡೂ ದಿನ ಸರಿ ಇತ್ತು. ಲೆಕ್ಕ ಬರೆದವನು ನಾನು. ತಪ್ಪು ನನ್ನದು. ಕೆಳಗೆ ಸಹಿ ಹಾಕಿ ಕೊಟ್ಟೆ.

ಅವರು ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ಮರಳಿ ನನ್ನ ಕೈಗೇ ಕೊಟ್ಟರು.

"ಇಷ್ಟು ಸಣ್ಣಾಗಿ ಬರೀಬ್ಯಾಡ್ರಿ. ನನಗಂತೂ ಓದಾಕ ಬರಂಗಿಲ್ಲ. ಆಕಿಗೆ ಬರತೈತಿ, ಆದ್ರ ಕಣ್ಣು ಮಂಜು. ದೊಡ್ಡ ಅಕ್ಷರದಾಗ ಬರೀರಿ. ಆಕಿ ಅದನ್ನ ನನಗ ಓದಿ ಹೇಳಬೇಕು."

ಕಾಗದದ ಹಿಂಬದಿಗೆ ತಿರುಗಿಸಿ, ಒಂದನೆಯ ಇಯತ್ತೆಯ ಮಗುವಿನ ಹಾಗೆ ಒಂದೊಂದೇ ಅಕ್ಷರವನ್ನು ದಪ್ಪಗೆ ತೀಡಿ ಮತ್ತೆ ಬರೆಯತೊಡಗಿದೆ. ಅವರು ಕ್ಯಾನಿನ ಮೇಲೆ ಕೈಯಿಟ್ಟುಕೊಂಡು, ಓದಲು ಬಾರದ ಆ ಅಕ್ಷರಗಳನ್ನು ಕೊನೆಯದರವರೆಗೂ ನೋಡುತ್ತ ನಿಂತಿದ್ದರು.